ಸ್ಯಾಡ್ಲಿ, ಸೋರ್ಲಿ, ವೋಫುಲಿ ಕೈಕೊಟ್ಟರೆ ಎಲ್ಲಿ ನೋಡಬೇಕು?

"ದಿ ನ್ಯೂ ಸಾಫ್ಟ್‌ವೇರ್ ಈಸ್ ವೋಫುಲಿ ಫಾಸ್ಟ್." "ರಿಗ್ರೆಟ್‌ಫುಲಿ, ದಿ ಸರ್ವರ್ ಈಸ್ ಡೌನ್." "ಶಿ ಲುಕ್ಸ್ ಸ್ಯಾಡ್ಲಿ ಟುಡೇ."

ಈ ಮೂರು ವಾಕ್ಯಗಳನ್ನು ಸ್ಪೆಲ್‌ಚೆಕ್‌ಗೆ ಹಾಕಿ ನೋಡಿ. ಪ್ರತಿ ಪದವೂ ಡಿಕ್ಷನರಿಯಲ್ಲಿ ಇರುವಂಥದ್ದೇ. ಆದರೂ ಇಂಗ್ಲಿಷ್ ಚೆನ್ನಾಗಿ ಓದುವವರ ಕಣ್ಣು ಮೂರೂ ಕಡೆ ಎಡವುತ್ತದೆ.

ದುಃಖ ಅಥವಾ ಕೊರತೆ ಹೇಳುವ ಆಡ್ವರ್ಬ್‌ಗಳ, ಅಂದರೆ ಕ್ರಿಯಾವಿಶೇಷಣಗಳ, ತಾಪತ್ರಯವೇ ಇದು. ಕ್ರಿಯಾಪದ ತಪ್ಪಿದರೆ ವಾಕ್ಯ ಮುರಿದದ್ದು ಎದ್ದು ಕಾಣುತ್ತದೆ. ಇವು ತಪ್ಪಿದರೆ ವಾಕ್ಯ ನೆಟ್ಟಗೇ ನಿಂತಿರುತ್ತದೆ, ಅರ್ಥ ಮಾತ್ರ ಎಲ್ಲೋ ಹೋಗಿರುತ್ತದೆ. ಆಗ ಹೆಚ್ಚಿನವರು ಏನು ಮಾಡುತ್ತಾರೆ? ಸಮಾನಾರ್ಥಕ ಪದಗಳ ಪಟ್ಟಿ ತೆಗೆದು ವೋಫುಲಿ ಇದ್ದಲ್ಲಿ ಲ್ಯಾಮೆಂಟಬ್ಲಿ ಹಾಕುತ್ತಾರೆ, ಅದೂ ಸರಿ ಕಾಣದಿದ್ದರೆ ಪಿಟಿಫುಲಿ. ಜ್ವರ ಇಳಿಯಲಿಲ್ಲ ಅಂತ ಥರ್ಮಾಮೀಟರ್ ಬದಲಿಸಿದ ಹಾಗೆ. ಪದ ಯಾವುದು ಅನ್ನೋದಕ್ಕಿಂತ ಅದು ವಾಕ್ಯದಲ್ಲಿ ಯಾವುದಕ್ಕೆ ಅಂಟಿಕೊಂಡಿದೆ ಅನ್ನೋದನ್ನು ಮೊದಲು ನೋಡಬೇಕು. ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ.

ಮೊದಲ ಪರೀಕ್ಷೆ: ಈ ಪದ ಇಲ್ಲಿ ಯಾವ ಕೆಲಸ ಮಾಡ್ತಿದೆ?

ಈ ಗುಂಪಿನ ಪದಗಳಿಗೆ ಒಟ್ಟು ಮೂರು ಕೆಲಸ. ಒಂದು, ಯಾರೋ ಏನನ್ನೋ ದುಃಖದಿಂದ ಮಾಡಿದರು ಅಂತ ಹೇಳುವುದು. ಇದನ್ನು ಬಗೆ ಅನ್ನೋಣ. ಎರಡು, ಬರೆಯುವವರು ಇಡೀ ವಾಕ್ಯದ ಬಗ್ಗೆ ತಮ್ಮ ಬೇಸರ ಸೇರಿಸುವುದು. ಇದು ಷರಾ. ಮೂರು, ಏನೋ ಒಂದು ಬೇಕಾದ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಅಂತ ಹೇಳುವುದು. ಇದು ಅಳತೆ.

ಯಾವ ಕೆಲಸ ಅಂತ ತಿಳಿಯಲು ಕನ್ನಡವನ್ನೇ ಬಳಸಿಕೊಳ್ಳಿ. ಆಡ್ವರ್ಬ್ ತೆಗೆದು ಆ ಜಾಗದಲ್ಲಿ ಈ ಮೂರನ್ನು ಒಂದೊಂದಾಗಿ ಇಟ್ಟು ಓದಿ: "ಬೇಜಾರು ಮುಖ ಮಾಡಿಕೊಂಡು", "ಬೇಜಾರಿನ ವಿಷಯ ಏನಂದ್ರೆ", "ಏನೇನೂ ಸಾಲದು ಅನ್ನುವಷ್ಟು". "ಹೀ ಸೈಡ್ ಸ್ಯಾಡ್ಲಿ" (ನಿಟ್ಟುಸಿರು ಬಿಟ್ಟ) ಅನ್ನುವಲ್ಲಿ ಮೊದಲನೆಯದು ಮಾತ್ರ ಕೂರುತ್ತದೆ. "ಸ್ಯಾಡ್ಲಿ, ದಿ ಪ್ಲಾನ್ ವಾಸ್ ಡ್ರಾಪ್ಡ್" ಅನ್ನುವಲ್ಲಿ ಎರಡನೆಯದು. "ದಿ ರಿಪೋರ್ಟ್ ಈಸ್ ಸ್ಯಾಡ್ಲಿ ಲ್ಯಾಕಿಂಗ್ ಇನ್ ಡೀಟೇಲ್" ಅನ್ನುವಲ್ಲಿ ಮೂರನೆಯದು. ಒಂದೇ ಕೂತರೆ ನಿಮ್ಮ ವಾಕ್ಯ ಸರಿಯಿದೆ. ಎರಡು ಕೂತರೆ ವಾಕ್ಯಕ್ಕೆ ಎರಡರ್ಥ ಬಂದಿದೆ. ಒಂದೂ ಕೂರದಿದ್ದರೆ ಆ ಪದಕ್ಕೆ ಅಲ್ಲಿ ಕೆಲಸವೇ ಇಲ್ಲ. "ವೋಫುಲಿ ಫಾಸ್ಟ್" ಈ ಕೊನೆಯ ಜಾತಿಗೆ ಸೇರಿದ್ದು.

ಈಗ ಇನ್ನೊಂದು ಗೋಜಲು. ಎಲ್ಲ ಪದಗಳೂ ಮೂರೂ ಕೆಲಸ ಮಾಡುವುದಿಲ್ಲ. ಸ್ಯಾಡ್ಲಿ ಮಾತ್ರ ಮೂರಕ್ಕೂ ಸಲ್ಲುತ್ತದೆ. ಅದರಿಂದ ಜಾಸ್ತಿ ಅನುಕೂಲವೂ ಹೌದು, ಜಾಸ್ತಿ ತೊಂದರೆಯೂ ಹೌದು. ಅನ್‌ಫಾರ್ಚುನೇಟ್ಲಿ ಬಹುತೇಕ ಷರಾ ಮಾತ್ರ. ಮೋರ್ನ್‌ಫುಲಿ, ಡೋಲ್‌ಫುಲಿ, ಸಾರೋಫುಲಿ ಮೂರಕ್ಕೂ ದುಃಖದಿಂದ ಅಂತ ಅರ್ಥ, ಇವು ಬಗೆ ಹೇಳುವುದಕ್ಕಷ್ಟೇ. ನಾಯಿ ಡೋಲ್‌ಫುಲಿ ನೋಡಬಹುದು, ಆದರೆ ಬಜೆಟ್ "ಡೋಲ್‌ಫುಲಿ ಇನಾಡಿಕ್ವೇಟ್" ಆಗುವುದಿಲ್ಲ. ರೂಫುಲಿ ಕೂಡ ಬಗೆಯದೇ. ಅದರಲ್ಲಿ ಪಶ್ಚಾತ್ತಾಪದ ಜೊತೆ ಒಂದು ಸಣ್ಣ ನಗುವೂ ಇರುತ್ತದೆ. ಹಾಗಾಗಿ ಅದು ಸ್ಮೈಲ್, ಅಡ್ಮಿಟ್ ತರಹದ ಕ್ರಿಯೆಗಳ ಜೊತೆಗೇ ಓಡಾಡುತ್ತದೆ. ಪಿಟಿಫುಲಿ, ಮಿಸರಬ್ಲಿ ಬಗೆಯನ್ನೂ ಹೇಳುತ್ತವೆ, ಅಳತೆಯನ್ನೂ ಹೇಳುತ್ತವೆ. ಸೋರ್ಲಿ ಈಗ ಅಳತೆಗೆ ಮಾತ್ರ. ಅಬಿಸ್ಮಲಿ ಅಂದರೆ ತಳವೇ ಕಾಣದಷ್ಟು ಕೆಳಗೆ. ಅದರ ಬುಡದಲ್ಲಿರುವ ಗ್ರೀಕ್ ಪದಕ್ಕೂ ತಳವಿಲ್ಲದ್ದು ಅಂತಲೇ ಅರ್ಥ. ಅದರಲ್ಲಿ ದುಃಖ ಒಂದು ಹನಿಯೂ ಇಲ್ಲ.

ಲಕ್ಷಣ: ವೋಫುಲಿ ಹಾಕಿದೆ, ಓದಿದವರು ನಕ್ಕರು

ಎಲ್ಲಕ್ಕಿಂತ ಸಾಮಾನ್ಯವಾದ ದೋಷ ಇದು, ಕಾರಣವೂ ಸ್ವಾರಸ್ಯವಾಗಿದೆ. ಕನ್ನಡದಲ್ಲಿ ನಾವು "ಭಯಂಕರ ಚೆನ್ನಾಗಿದೆ", "ವಿಪರೀತ ಖುಷಿಯಾಯ್ತು" ಅಂತ ಆರಾಮಾಗಿ ಹೇಳುತ್ತೇವೆ. ಭಯ, ವಿಪರೀತ ಎಲ್ಲ ಕರಗಿ "ತುಂಬಾ" ಅನ್ನೋದಷ್ಟೇ ಉಳಿದಿದೆ. ಇಂಗ್ಲಿಷ್‌ನಲ್ಲೂ ಕೆಲವು ಪದಗಳಿಗೆ ಹೀಗೇ ಆಗಿದೆ. ಟೆರಿಬ್ಲಿ, ಆಫುಲಿ ಎರಡೂ ಒಂದು ಕಾಲಕ್ಕೆ ಭಯ ಹುಟ್ಟಿಸುವ ಪದಗಳು. ಈಗ "ಟೆರಿಬ್ಲಿ ಕೈಂಡ್", "ಆಫುಲಿ ನೈಸ್" ಅಂದರೆ ಯಾರೂ ಹೆದರುವುದಿಲ್ಲ.

ಆ ಲೆಕ್ಕದಲ್ಲಿ ವೋಫುಲಿ ಕೂಡ ಹಾಗೇ ಇರಬೇಕಲ್ಲವೇ ಅನ್ನಿಸುವುದು ಸಹಜ. ಇಲ್ಲ. ವೋಫುಲಿ ಅರ್ಧ ದಾರಿಯಲ್ಲೇ ನಿಂತಿದೆ. ಹಳೆಯ ಇಂಗ್ಲಿಷ್‌ನಲ್ಲಿ "ವೋ" ಅನ್ನುವುದು ಅಯ್ಯೋ ಅನ್ನುವಂಥ ಉದ್ಗಾರ. ಅದರಿಂದ ಬಂದ ವೋಫುಲಿ ಮೊದಲು ದುಃಖದಿಂದ ಅನ್ನುವ ಅರ್ಥದಲ್ಲಿತ್ತು. ಈಗ ಆ ಅರ್ಥ ಕಥೆ ಕವಿತೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ದಿನಬಳಕೆಯಲ್ಲಿ ಅದು "ತುಂಬಾ" ಅನ್ನುವ ಕಡೆಗೆ ಸರಿದಿದೆ, ಆದರೆ ಕೊರತೆಯ ಹಗ್ಗ ಬಿಚ್ಚಿಕೊಂಡಿಲ್ಲ. ಅದರ ಮುಂದೆ ಬರುವ ಪದದಲ್ಲಿ ಏನೋ ಕಮ್ಮಿಯಾಗಿದೆ ಅನ್ನುವುದು ಇರಲೇಬೇಕು: ಇನಾಡಿಕ್ವೇಟ್, ಅನ್‌ಪ್ರಿಪೇರ್ಡ್, ಇಗ್ನೊರೆಂಟ್, ಔಟ್‌ಡೇಟೆಡ್, ಅಂಡರ್‌ಫಂಡೆಡ್, ಶಾರ್ಟ್, ಲೋ. ಒಳ್ಳೆಯ ಗುಣ ಹೇಳುವ ಪದಕ್ಕೆ ಅದನ್ನು ಸೇರಿಸಿದರೆ ವ್ಯಂಗ್ಯ ಆಗುತ್ತದೆ. ಬೇಕೂಂತಲೇ ತಮಾಷೆಗೆ "ವೋಫುಲಿ ಹ್ಯಾಂಡ್‌ಸಮ್" ಅಂತ ಬರೆಯುವವರಿದ್ದಾರೆ. ತಮಾಷೆ ಅಲ್ಲದ ಕಡೆ ಬಿದ್ದರೆ ಅದು ಎಡವಟ್ಟು.

ಒಂದು ಪದ ಸದಾ ಕೆಟ್ಟ ಸಹವಾಸದಲ್ಲೇ ಓಡಾಡಿ ಆ ಬಣ್ಣವನ್ನೇ ಮೈಗೆ ಹಚ್ಚಿಕೊಳ್ಳುವುದಕ್ಕೆ ಭಾಷಾವಿಜ್ಞಾನದವರು ಸೆಮ್ಯಾಂಟಿಕ್ ಪ್ರಾಸೊಡಿ ಅಂತ ಹೆಸರಿಟ್ಟಿದ್ದಾರೆ. ಡಿಕ್ಷನರಿಯ ಒಂದು ಸಾಲಿನ ಅರ್ಥ ನೋಡಿದರೆ ಈ ಬಣ್ಣ ಗೊತ್ತಾಗುವುದು ಕಷ್ಟ. ಅದಕ್ಕೇ ಅರ್ಥದ ಕೆಳಗೆ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಓದಬೇಕು.

ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಮುಂದಿನ ಪದ ಕೆಟ್ಟದ್ದಾಗಿದ್ದರೆ ಸಾಕೇ? ಸಾಲದು. "ವೋಫುಲಿ ಓಲ್ಡ್" ಯಾಕೋ ಸರಿ ಕೇಳುವುದಿಲ್ಲ, "ವೋಫುಲಿ ಔಟ್‌ಡೇಟೆಡ್" ಸರಿ. ಎರಡರಲ್ಲೂ ಹಳೆಯದು ಅನ್ನೋದೇ ಇದೆ. ಆದರೆ ಓಲ್ಡ್ ಅನ್ನುವುದು ಬರೀ ವಯಸ್ಸು. ಔಟ್‌ಡೇಟೆಡ್ ಅಂದರೆ ಇರಬೇಕಾದ ಮಟ್ಟ ಒಂದಿತ್ತು, ಇದು ಅದರಿಂದ ಹಿಂದೆ ಬಿದ್ದಿದೆ. "ವೋಫುಲಿ ಡೆಡ್" ಆಗುವುದಿಲ್ಲ, ಸಾವಿಗೆ ಅಳತೆಗೋಲು ಇಲ್ಲ. "ವೋಫುಲಿ ಹಾಟ್" ಅಂದರೂ ಕಿವಿಗೆ ಹೊಂದುವುದಿಲ್ಲ, ಸೆಖೆ ಹೆಚ್ಚಾಗಿರುವುದು ಕೊರತೆ ಅಲ್ಲ. ಮಟ್ಟ ಮೀರಿದ್ದನ್ನು ಬೈಯಬೇಕಿದ್ದರೆ ಗ್ರೋಸ್ಲಿ ತೆಗೆದುಕೊಳ್ಳಿ. ಅದು ಎರಡೂ ಕಡೆ ನಡೆಯುತ್ತದೆ: "ಗ್ರೋಸ್ಲಿ ಇನಾಡಿಕ್ವೇಟ್" ಸರಿ, "ಗ್ರೋಸ್ಲಿ ಓವರ್‌ಪೇಯ್ಡ್" ಕೂಡ ಸರಿ. ಗ್ರೋಸ್ಲಿಯಲ್ಲಿ ದುಃಖ ಇಲ್ಲ, ಸಿಟ್ಟು ಇದೆ.

ರಿಪೇರಿ ಸುಲಭ. ಹೊಗಳಬೇಕಿದ್ದರೆ ವೋಫುಲಿ ಕಿತ್ತುಹಾಕಿ "ರಿಮಾರ್ಕಬ್ಲಿ" ಅಥವಾ ಸುಮ್ನೆ "ವೆರಿ" ಹಾಕಿ. ತೆಗಳಬೇಕಿದ್ದರೆ ಮುಂದಿನ ಪದವನ್ನು ಕೊರತೆಯ ಪದವಾಗಿ ಬದಲಿಸಿ.

ಲಕ್ಷಣ: ದುಃಖ ಯಾರದ್ದು ಅಂತ ಗೊತ್ತಾಗುತ್ತಿಲ್ಲ

ಇದು ಸ್ಯಾಡ್ಲಿಯ ಕಾಯಿಲೆ. ಒಂದೇ ವಾಕ್ಯವನ್ನು ನಾಲ್ಕು ರೀತಿ ಬರೆದು ನೋಡಿ.

"ಸ್ಯಾಡ್ಲಿ, ಹೀ ಕ್ಲೋಸ್ಡ್ ದಿ ಫೈಲ್." ಇಲ್ಲಿ ಬೇಸರ ಬರೆದವರದ್ದು. ಫೈಲ್ ಮುಚ್ಚಿದವನು ಸಿಳ್ಳೆ ಹೊಡೆಯುತ್ತಾ ಮುಚ್ಚಿರಬಹುದು.

"ಹೀ ಕ್ಲೋಸ್ಡ್ ದಿ ಫೈಲ್ ಸ್ಯಾಡ್ಲಿ." ಇಲ್ಲಿ ಬೇಸರ ಅವನದ್ದು. ಬರೆದವರಿಗೆ ಏನನ್ನಿಸಿತೋ ಗೊತ್ತಿಲ್ಲ.

"ಹೀ ಕ್ಲೋಸ್ಡ್ ದಿ ಫೈಲ್, ಸ್ಯಾಡ್ಲಿ." ಒಂದು ಅಲ್ಪವಿರಾಮ ಬಂತು, ಬೇಸರ ಮತ್ತೆ ಬರೆದವರ ಕಡೆಗೆ ದಾಟಿತು.

"ಹೀ ಸ್ಯಾಡ್ಲಿ ಕ್ಲೋಸ್ಡ್ ದಿ ಫೈಲ್." ಇದೇ ಅಪಾಯದ ಜಾಗ. ಹೆಚ್ಚಿನವರು ಬೇಸರ ಅವನದ್ದು ಅಂತಲೇ ಓದುತ್ತಾರೆ. ಆದರೆ "ಹೀ ಸ್ಯಾಡ್ಲಿ ಡೈಡ್ ಲಾಸ್ಟ್ ಇಯರ್" ಅಂದಾಗ ಹಾಗೆ ಓದಲು ಬರುವುದಿಲ್ಲ. ಅವನು ಬೇಜಾರು ಮಾಡಿಕೊಂಡು ತೀರಿಕೊಂಡ ಅಂತ ಅಲ್ಲವಲ್ಲ! ನಡುವೆ ಇಟ್ಟ ಸ್ಯಾಡ್ಲಿ ಕ್ರಿಯಾಪದ ನೋಡಿಕೊಂಡು ಬಣ್ಣ ಬದಲಿಸುತ್ತದೆ.

ಬಾಯಲ್ಲಿ ಹೇಳುವಾಗ ಈ ತೊಂದರೆ ಇಲ್ಲ. ಸ್ಯಾಡ್ಲಿ ಅಂದ ಮೇಲೆ ಸಣ್ಣ ತಡೆ ಕೊಟ್ಟರೆ ಕೇಳುವವರಿಗೆ ಷರಾ ಅಂತ ಗೊತ್ತಾಗುತ್ತದೆ. ಬರವಣಿಗೆಯಲ್ಲಿ ಆ ತಡೆಯ ಕೆಲಸವನ್ನು ಅಲ್ಪವಿರಾಮ ಮಾಡಬೇಕು. ಹಾಗಾಗಿ ಷರಾ ಬೇಕಿದ್ದರೆ ವಾಕ್ಯದ ಮೊದಲು ಇಟ್ಟು ಅಲ್ಪವಿರಾಮ ಹಾಕಿ. ಬಗೆ ಬೇಕಿದ್ದರೆ ಕ್ರಿಯೆಯ ನಂತರ ಇಡಿ, ಅಲ್ಪವಿರಾಮ ಬೇಡ. ನಡುವಿನ ಜಾಗ ಖಾಲಿ ಬಿಡುವುದೇ ವಾಸಿ.

ಕನ್ನಡದಲ್ಲಿ ನಮಗೆ ಈ ಗೊಂದಲ ಅಷ್ಟಿಲ್ಲ. "ಬೇಜಾರಿನಿಂದ ಫೈಲ್ ಮುಚ್ಚಿದ" ಅಂದರೆ ಬೇಜಾರು ಅವನದ್ದೇ. ಷರಾಕ್ಕೆ ನಮ್ಮಲ್ಲಿ ಬೇರೆ ಪದಗಳಿವೆ. ದುರದೃಷ್ಟವಶಾತ್ ಅನ್ನುತ್ತೇವೆ, ಇಲ್ಲವೇ "ಪಾಪ" ಅಂತ ಒಂದು ಪದ ಮುಂದೆ ಹಾಕುತ್ತೇವೆ. "ಪಾಪ, ಅವನಿಗೆ ಗೊತ್ತೇ ಇರಲಿಲ್ಲ" ಅಂದಾಗ ಕನಿಕರ ಹೇಳುವವರದ್ದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ. ಎರಡು ಬೇರೆ ಪದ ಇಟ್ಟುಕೊಂಡು ಬೆಳೆದವರಿಗೆ ಒಂದೇ ಪದದಲ್ಲಿ ಎರಡೂ ಕೆಲಸ ಇರುವುದು ಕಣ್ಣಿಗೆ ಬೀಳುವುದೇ ಇಲ್ಲ.

ಅಂದಹಾಗೆ, ಷರಾ ಆಡ್ವರ್ಬ್‌ಗಳಲ್ಲಿ ಜನ ಜಗಳ ಆಡಿದ್ದು ಹೋಪ್‌ಫುಲಿ ಬಗ್ಗೆ. "ಹೋಪ್‌ಫುಲಿ, ಇಟ್ ವಿಲ್ ರೇನ್" ಅನ್ನುವುದು ತಪ್ಪು, ಮಳೆಗೆ ಆಸೆ ಇರುತ್ತದೆಯೇ ಅಂತ ದಶಕಗಳ ಕಾಲ ತಕರಾರು ನಡೆಯಿತು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಶೈಲಿ ಕೈಪಿಡಿಯಲ್ಲಿ ಆ ಬಳಕೆಯನ್ನು ಒಪ್ಪಿಕೊಂಡಿದ್ದು 2012ರಲ್ಲಿ. ಅದೇ ಕೆಲಸ ಮಾಡುವ ಸ್ಯಾಡ್ಲಿಯ ಮೇಲೆ ಅಂಥ ಗಲಾಟೆ ಆಗಲೇ ಇಲ್ಲ. ಯಾವ ಪದಕ್ಕೆ ಏಟು ಬೀಳುತ್ತದೆ ಅನ್ನುವುದರಲ್ಲಿ ನ್ಯಾಯ ಹುಡುಕಬಾರದು.

ಲಕ್ಷಣ: ರಿಗ್ರೆಟ್‌ಫುಲಿ ಅಂತ ಬರೆದದ್ದನ್ನು ಎಡಿಟರ್ ಹೊಡೆದುಹಾಕಿದರು

ಪರೀಕ್ಷೆ ಒಂದೇ ಪ್ರಶ್ನೆಯದ್ದು. ವಾಕ್ಯದ ಒಳಗೆ ವಿಷಾದ ಪಡುವ ಮನುಷ್ಯ ಇದ್ದಾನೆಯೇ?

"ಶಿ ರಿಗ್ರೆಟ್‌ಫುಲಿ ಡಿಕ್ಲೈನ್ಡ್ ದಿ ಆಫರ್." ಇದ್ದಾಳೆ, ಅವಳಿಗೇ ವಿಷಾದ. ವಾಕ್ಯ ಸರಿ. "ರಿಗ್ರೆಟ್‌ಫುಲಿ, ದಿ ಸರ್ವರ್ ಈಸ್ ಡೌನ್." ಇಲ್ಲಿ ಇರುವುದು ಸರ್ವರ್ ಒಂದೇ. ಅದಕ್ಕೆ ವಿಷಾದ ಬರುವುದಿಲ್ಲ. ಆದ್ದರಿಂದ ರಿಗ್ರೆಟಬ್ಲಿ ಹಾಕಬೇಕು. ಫುಲ್ ಅಂತ ಮುಗಿಯುವುದು ಮನಸ್ಸಿನಲ್ಲಿ ತುಂಬಿರುವುದನ್ನು ಹೇಳುತ್ತದೆ. ಏಬಲ್ ಅಂತ ಮುಗಿಯುವುದು ಆ ಸಂಗತಿಯೇ ವಿಷಾದಕ್ಕೆ ಯೋಗ್ಯ ಅನ್ನುತ್ತದೆ.

ಇವತ್ತು ಕೆಲವು ಡಿಕ್ಷನರಿಗಳು ರಿಗ್ರೆಟ್‌ಫುಲಿಯನ್ನು ಷರಾ ಆಗಿ ಬಳಸುವುದನ್ನೂ ದಾಖಲಿಸಿವೆ. ಹಾಗಂತ ಅದನ್ನು ತೋರಿಸಿ ಎಡಿಟರ್ ಜೊತೆ ವಾದಕ್ಕೆ ನಿಲ್ಲುವುದು ನನಗಂತೂ ದಂಡ ಅನ್ನಿಸುತ್ತದೆ. ಎರಡು ಪದಗಳಿಗೆ ಎರಡು ಕೆಲಸ ಹಂಚಿಕೊಟ್ಟಿರುವಾಗ ಒಂದಕ್ಕೇ ಯಾಕೆ ಹೊರೆ ಹೊರಿಸಬೇಕು? ಎರಡರಲ್ಲಿ ಯಾವುದು ಅಂತ ತಲೆ ಕೆಡುತ್ತಿದ್ದರೆ ಅನ್‌ಫಾರ್ಚುನೇಟ್ಲಿ ಹಾಕಿ ಮುಂದೆ ಹೋಗಿ. ಪತ್ರದಲ್ಲಿ "ವಿಷಾದದಿಂದ ತಿಳಿಸುತ್ತೇವೆ" ಅನ್ನಬೇಕಿದ್ದರೆ "ವಿ ಸ್ಯಾಡ್ಲಿ ಇನ್‌ಫಾರ್ಮ್ ಯು" ಅಂತ ಪದಕ್ಕೆ ಪದ ಇಳಿಸಬೇಡಿ. "ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು" ಅನ್ನುವುದು ಸಿದ್ಧವಾಗಿಯೇ ಇದೆ, ಅದರಲ್ಲಿ ಆಡ್ವರ್ಬ್ ಬೇಕಾಗೇ ಇಲ್ಲ.

ಪಿಟಿಫುಲಿ ಈ ಫುಲ್ ನಿಯಮಕ್ಕೆ ಬಗ್ಗುವುದಿಲ್ಲ. ಪಿಟಿಫುಲ್ ಅಂದರೆ ಹಿಂದೆ ಕರುಣೆ ತುಂಬಿದವನು. ಆಮೇಲೆ ಕರುಣೆಗೆ ಯೋಗ್ಯನಾದವನು ಅಂತಾಯಿತು. ಈಗ ಅದರಲ್ಲಿ ತಿರಸ್ಕಾರವೂ ಸೇರಿದೆ. "ಪಿಟಿಫುಲಿ ಸ್ಮಾಲ್", "ಪಿಟಿಫುಲಿ ಫ್ಯೂ" ಅಂದರೆ ಅಯ್ಯೋ ಅನ್ನುವಷ್ಟು ಕಮ್ಮಿ.

ಲಕ್ಷಣ: ಸೋರ್ಲಿ ಎಲ್ಲಿ ಹಾಕಿದರೂ ಒಗ್ಗುತ್ತಿಲ್ಲ

ಸೋರ್ಲಿಯ ಬಳಗ ಚಿಕ್ಕದು. ಮಿಸ್ಡ್, ನೀಡೆಡ್, ಟೆಂಪ್ಟೆಡ್, ಟೆಸ್ಟೆಡ್, ಲ್ಯಾಕಿಂಗ್, ಡಿಸಪಾಯಿಂಟೆಡ್. ಇಷ್ಟು ನೆನಪಿದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. "ಸೋರ್ಲಿ ಸ್ಮಾಲ್" ಅಂತ ಯಾರೂ ಬರೆಯುವುದಿಲ್ಲ.

ಕಾರಣ ಅದರ ಬುಡದಲ್ಲೇ ಇದೆ. ಸೋರ್ ಅಂದರೆ ನೋವು, ಹುಣ್ಣು. ನೋವಾಗಬೇಕಾದರೆ ನೋವು ತಿನ್ನುವವರು ಬೇಕಲ್ಲ? ಅದಕ್ಕೇ ಸೋರ್ಲಿ ಇರುವ ಕಡೆ ಕೊರತೆಯನ್ನು ಅನುಭವಿಸುವವರು ಯಾರಾದರೂ ಹಿನ್ನೆಲೆಯಲ್ಲಿ ಇದ್ದೇ ಇರುತ್ತಾರೆ. ವೋಫುಲಿ ಹಾಗಲ್ಲ, ಅದು ಹೊರಗೆ ನಿಂತು ತೀರ್ಪು ಕೊಡುವವರ ಪದ. "ಫಂಡ್ಸ್ ಆರ್ ಸೋರ್ಲಿ ನೀಡೆಡ್" ಅಂದಾಗ ದುಡ್ಡಿಲ್ಲದೆ ಒದ್ದಾಡುತ್ತಿರುವವರ ದನಿ ಇದೆ. "ದಿ ಫಂಡ್ಸ್ ಆರ್ ವೋಫುಲಿ ಇನಾಡಿಕ್ವೇಟ್" ಅಂದಾಗ ಲೆಕ್ಕ ತಪಾಸಣೆ ಮಾಡಿದವರ ದನಿ. ಇವೆರಡನ್ನು ಅದಲುಬದಲು ಮಾಡುವ ಮೊದಲು ನೀವು ಯಾವ ಕಡೆ ನಿಂತಿದ್ದೀರಿ ಅಂತ ನೋಡಿಕೊಳ್ಳಿ.

ಇದೇ ಸೋರ್‌ಗೆ ನೆಂಟನಾದ ಪದ ಜರ್ಮನ್ ಭಾಷೆಯಲ್ಲಿ ಝೇರ್ ಅಂತ ಇದೆ. ಅಲ್ಲಿ ಅದು ಪೂರ್ತಿ ಕರಗಿ ಬರೀ "ತುಂಬಾ" ಆಗಿಹೋಗಿದೆ, ಒಳ್ಳೆಯದಕ್ಕೂ ಬಳಸುತ್ತಾರೆ. ಇಂಗ್ಲಿಷ್‌ನ ಸೋರ್ಲಿ ಆ ದಾರಿ ಹಿಡಿಯಲಿಲ್ಲ. ಇನ್ನೊಂದು ತಮಾಷೆ: ದಿನಕ್ಕೆ ಹತ್ತು ಸಲ ಹೇಳುವ ಸಾರಿ ಹುಟ್ಟಿದ್ದು ಈ ಸೋರ್‌ನಿಂದಲೇ, ಸಾರೋ ಅನ್ನುವ ದುಃಖದ ಪದದಿಂದ ಅಲ್ಲ. ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡರೂ ಬೇರು ಬೇರೆ.

ಸೋರ್ಲಿ ತೀರಾ ಪುಸ್ತಕದ ಪದ ಅನ್ನಿಸಿದರೆ ಬ್ಯಾಡ್ಲಿ ಇದೆ. "ಬ್ಯಾಡ್ಲಿ ನೀಡೆಡ್" ಅಂದರೆ ಕೆಟ್ಟದಾಗಿ ಬೇಕಾಗಿದೆ ಅಂತಲ್ಲ, ತುರ್ತಾಗಿ ಬೇಕು ಅಂತ. ಆದರೆ "ಬ್ಯಾಡ್ಲಿ ರಿಟನ್" ಅಂದರೆ ಕೆಟ್ಟದಾಗಿ ಬರೆದದ್ದೇ. ನೀಡ್, ವಾಂಟ್ ಜೊತೆ ಬಂದಾಗ ಮಾತ್ರ ಅದು ಆಸೆಯ ತೀವ್ರತೆ ಹೇಳುತ್ತದೆ.

ಲಕ್ಷಣ: ಲುಕ್ಸ್, ಫೀಲ್ಸ್ ನಂತರ ತಪ್ಪಾಗುತ್ತಿದೆ

"ಶಿ ಲುಕ್ಸ್ ಸ್ಯಾಡ್ಲಿ" ಅನ್ನುವ ತಪ್ಪು ಕನ್ನಡದಿಂದಲೇ ಬರುತ್ತದೆ ಅಂತ ನನ್ನ ಅನುಮಾನ. ನಾವು "ಬೇಜಾರಾಗಿ ಕಾಣ್ತಾಳೆ", "ಚೆನ್ನಾಗಿ ಕಾಣ್ತಾಳೆ" ಅನ್ನುತ್ತೇವೆ. ಆಗಿ ಅಂತ ಬಂದ ಕೂಡಲೇ ಕೈ ತಾನಾಗಿ ಲಿ ಸೇರಿಸಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ಇಲ್ಲಿ ವಿವರಿಸುತ್ತಿರುವುದು ಅವಳನ್ನು, ಕಾಣುವ ಕ್ರಿಯೆಯನ್ನಲ್ಲ. ಆದ್ದರಿಂದ "ಶಿ ಲುಕ್ಸ್ ಸ್ಯಾಡ್". ಪರೀಕ್ಷೆ ಮಾಡಬೇಕಿದ್ದರೆ ಲುಕ್ಸ್ ತೆಗೆದು ಈಸ್ ಹಾಕಿ. "ಶಿ ಈಸ್ ಸ್ಯಾಡ್" ಅರ್ಥ ಕೊಟ್ಟರೆ ಲಿ ಬೇಡ. ಅವಳು ಬಾಗಿಲ ಕಡೆ ಬೇಜಾರಿನಿಂದ ನೋಡಿದಳು ಅನ್ನಬೇಕಿದ್ದರೆ "ಶಿ ಲುಕ್ಡ್ ಸ್ಯಾಡ್ಲಿ ಅಟ್ ದಿ ಡೋರ್". ಈಗ ನೋಡುವ ಕೆಲಸ ನಿಜವಾಗಿ ನಡೆಯುತ್ತಿದೆ, ಈಸ್ ಇಟ್ಟರೆ ವಾಕ್ಯ ಕೆಡುತ್ತದೆ. ಲಿ ಬೇಕು.

"ಐ ಫೀಲ್ ಬ್ಯಾಡ್ಲಿ" ಕೂಡ ಇದೇ ಕೇಸು. ಅದನ್ನು ಬಳಸುವ ಇಂಗ್ಲಿಷ್ ಭಾಷಿಕರೂ ಇದ್ದಾರೆ. ಆದರೆ "ಐ ಫೀಲ್ ಬ್ಯಾಡ್" ಎಲ್ಲಿಯೂ ತಪ್ಪಲ್ಲ.

ಲಕ್ಷಣ: ಫೇಲ್ ಜೊತೆ ಏನು ಹಾಕಬೇಕು?

ಮಿಸರಬ್ಲಿ, ಡಿಸ್ಮಲಿ, ಅಬಿಸ್ಮಲಿ ಮೂರೂ ನಡೆಯುತ್ತವೆ, ಹೆಚ್ಚು ಕೇಳುವುದು ಮಿಸರಬ್ಲಿ. ಕ್ರಿಯೆಯ ನಂತರ ಇಡಿ: "ದಿ ಪ್ಲಾನ್ ಫೇಲ್ಡ್ ಮಿಸರಬ್ಲಿ". ಕ್ರಿಯೆಗಿಂತ ಮೊದಲು ಇಟ್ಟರೆ ತಪ್ಪಲ್ಲ, ಆದರೆ ಹೊಡೆತದ ಜೋರು ಹೋಗುತ್ತದೆ. ಡಿಸ್ಮಲ್ ಪದ ಬಂದದ್ದು "ಕೆಟ್ಟ ದಿನಗಳು" ಅನ್ನುವ ಲ್ಯಾಟಿನ್ ಮಾತಿನಿಂದ. ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ 2ರಂತೆ ವರ್ಷಕ್ಕೆ 24 ಅಶುಭ ದಿನಗಳನ್ನು ಗುರುತು ಹಾಕುತ್ತಿದ್ದರು. ಆ ದಿನಗಳ ಹೆಸರೇ ಮಂಕು ಬಡಿದ ಎಲ್ಲದಕ್ಕೂ ಅಂಟಿಕೊಂಡಿತು.

ಲಕ್ಷಣ: ಪದ ಸರಿಯಿದೆ, ಆದರೆ ಎದುರಿನವರು ಮುನಿಸಿಕೊಂಡರು

ಇಲ್ಲಿ ದೋಷ ವ್ಯಾಕರಣದಲ್ಲಿಲ್ಲ, ಪದದ ಭಾರದಲ್ಲಿದೆ. ಯಾರದೋ ಕೆಲಸದ ಬಗ್ಗೆ ಅಭಿಪ್ರಾಯ ಕೇಳಿದಾಗ "ವೋಫುಲಿ ಇನಾಡಿಕ್ವೇಟ್" ಅಂತ ಬರೆದರೆ ಬಾಗಿಲು ಮುಚ್ಚಿದ ಹಾಗೆಯೇ. ಅದರಲ್ಲಿ ಎಷ್ಟು ಕಮ್ಮಿ, ಎಲ್ಲಿ ಕಮ್ಮಿ ಅನ್ನುವುದು ಏನೂ ಇಲ್ಲ, ತೀರ್ಪು ಮಾತ್ರ ಇದೆ. ಆಡ್ವರ್ಬ್ ತೆಗೆದು ಆ ಜಾಗಕ್ಕೆ ಲೆಕ್ಕ ತನ್ನಿ. "ದಿ ಬ್ಯಾಕಪ್ ಈಸ್ ವೋಫುಲಿ ಇನಾಡಿಕ್ವೇಟ್" ಬದಲು "ದಿ ಬ್ಯಾಕಪ್ ಕವರ್ಸ್ ಓನ್ಲಿ 3 ಆಫ್ 10 ಡೇಟಾಬೇಸಸ್" ಅನ್ನಿ. ಎರಡನೆಯದೇ ಹೆಚ್ಚು ಚುಚ್ಚುತ್ತದೆ, ಆದರೆ ಅದರಿಂದ ಎದುರಿನವರಿಗೆ ಮುಂದೆ ಏನು ಮಾಡಬೇಕು ಅಂತಲೂ ಗೊತ್ತಾಗುತ್ತದೆ.

ಅನ್‌ಫಾರ್ಚುನೇಟ್ಲಿಗೆ ಬೇರೆಯೇ ಚಾಳಿ. "ಅನ್‌ಫಾರ್ಚುನೇಟ್ಲಿ, ಯುವರ್ ಫೈಲ್ ವಾಸ್ ಡಿಲೀಟೆಡ್." ಡಿಲೀಟ್ ಮಾಡಿದ್ದು ಯಾರು? ವಾಕ್ಯದಲ್ಲಿ ಯಾರೂ ಇಲ್ಲ, ವಿಧಿಯೇ ಬಂದು ಅಳಿಸಿಹೋದ ಹಾಗಿದೆ. ಮಳೆ ಬಂದು ಪಂದ್ಯ ನಿಂತರೆ ಅನ್‌ಫಾರ್ಚುನೇಟ್ಲಿ ಸರಿ. ನಿಮ್ಮ ಕೈಯಿಂದಲೇ ಆದದ್ದಕ್ಕೆ ಅದನ್ನು ಹಾಕಿದರೆ ನುಣುಚಿಕೊಳ್ಳುತ್ತಿದ್ದೀರಿ ಅಂತ ಓದುವವರಿಗೆ ತಟ್ಟನೆ ಗೊತ್ತಾಗುತ್ತದೆ. "ಐ ಆಮ್ ಸಾರಿ, ಐ ಡಿಲೀಟೆಡ್ ಯುವರ್ ಫೈಲ್" ಅಂದರೆ ಅಲ್ಲಿಗೆ ಮುಗಿಯಿತು. ಬೆಲೆ ಏರಿಸುವ ಕಂಪನಿಗಳು "ಸ್ಯಾಡ್ಲಿ" ಅಂತ ಶುರು ಮಾಡಿದಾಗ ಸಿಟ್ಟು ಬರುವುದೂ ಇದಕ್ಕೇ. ಬೇಸರ ಪಡಬೇಕಾದವರು ದುಡ್ಡು ಕೊಡುವವರು ಅಲ್ವಾ?

ಸಂತಾಪದ ಮಾತಿನಲ್ಲಿ ಮಾತ್ರ ಹೊಸದಾಗಿ ಏನೂ ಪ್ರಯತ್ನಿಸಬೇಡಿ. "ವಿಲ್ ಬಿ ಸೋರ್ಲಿ ಮಿಸ್ಡ್", "ವಿಲ್ ಬಿ ಸ್ಯಾಡ್ಲಿ ಮಿಸ್ಡ್" ಎರಡೂ ಸವೆದ ಮಾತುಗಳೇ, ಸವೆದಿರುವುದರಿಂದಲೇ ಅಲ್ಲಿ ಸಲ್ಲುತ್ತವೆ. "ಮಿಸರಬ್ಲಿ ಮಿಸ್ಡ್", "ಪಿಟಿಫುಲಿ ಮಿಸ್ಡ್" ಅಂತ ಹೊಸತು ಮಾಡಲು ಹೋದರೆ ದುಃಖದ ಮನೆಯಲ್ಲಿ ಅಪಹಾಸ್ಯ ಆಗುತ್ತದೆ.

ಸಣ್ಣಪುಟ್ಟ ದೋಷಗಳು

ಸ್ಪೆಲಿಂಗ್‌ನಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಫುಲ್ ಅಂತ ಮುಗಿಯುವ ಪದಕ್ಕೆ ಒಂದೇ ಎಲ್, ಅದಕ್ಕೆ ಲಿ ಸೇರಿದಾಗ ಎರಡು ಎಲ್. ರಿಗ್ರೆಟಬ್ಲಿಯಲ್ಲಿ ಎರಡು ಟಿ. ವೋಫುಲಿಯಲ್ಲಿ ಓ ನಂತರ ಇ ಬಿಡಬೇಡಿ, ಇ ಇಲ್ಲದ ರೂಪ ಹಳೆಯ ಪುಸ್ತಕಗಳದ್ದು.

ವೋಫುಲಿಗಿಂತ ಮೊದಲು ವೆರಿ ಬೇಡ. ಅದರೊಳಗೇ "ತುಂಬಾ" ಇದೆ. "ಸ್ಯಾಡ್ಲಿ ಅಂಡ್ ಅನ್‌ಫಾರ್ಚುನೇಟ್ಲಿ" ಅನ್ನುವ ಜೋಡಿಯಲ್ಲಿ ಒಂದನ್ನು ಬಿಡಿ, ಯಾವುದನ್ನಾದರೂ.

ಪೇನ್‌ಫುಲಿ ಇವರ ದೂರದ ಸಂಬಂಧಿ. "ಪೇನ್‌ಫುಲಿ ಸ್ಲೋ", "ಪೇನ್‌ಫುಲಿ ಶೈ" ಸರಿ. "ಪೇನ್‌ಫುಲಿ ಅವೇರ್", "ಪೇನ್‌ಫುಲಿ ಆಬ್ವಿಯಸ್" ಕೂಡ ಸರಿ. ಅಲ್ಲಿ ಕೊರತೆ ಇಲ್ಲ, ಚುಚ್ಚುವಷ್ಟು ಸ್ಪಷ್ಟ ಅಂತ ಅರ್ಥ.

ಒಂದು ಮೇಲ್ ಬಿಚ್ಚಿ ನೋಡೋಣ

ದೋಷಗಳು ಗುಂಪಾಗಿ ಬಂದಾಗ ಹೇಗೆ ಬಿಡಿಸುವುದು? ಈ ಮೇಲ್ ನೋಡಿ.

"ರಿಗ್ರೆಟ್‌ಫುಲಿ ದಿ ಟ್ರೈನಿಂಗ್ ಈಸ್ ಪೋಸ್ಟ್‌ಪೋನ್ಡ್. ಅವರ್ ಪ್ರೊಜೆಕ್ಟರ್ ಈಸ್ ವೆರಿ ವೋಫುಲಿ ಓಲ್ಡ್ ಅಂಡ್ ಇಟ್ ಮಿಸರಬ್ಲಿ ಸ್ಟಾಪ್ಡ್. ಎ ನ್ಯೂ ಒನ್ ಈಸ್ ಸ್ಯಾಡ್ಲಿ ನೀಡೆಡ್. ಐ ಫೀಲ್ ಸ್ಯಾಡ್ಲಿ ಫಾರ್ ದಿ ಇನ್‌ಕನ್ವೀನಿಯೆನ್ಸ್."

ಮೊದಲ ವಾಕ್ಯದಲ್ಲಿ ವಿಷಾದ ಪಡುವ ಮನುಷ್ಯ ಇಲ್ಲ, ಅಲ್ಪವಿರಾಮವೂ ಇಲ್ಲ. ಅನ್‌ಫಾರ್ಚುನೇಟ್ಲಿ ಹಾಕಿ ಅಲ್ಪವಿರಾಮ ಕೊಡಿ. ಎರಡನೆಯದರಲ್ಲಿ ವೆರಿ ಹೋಗಲಿ, ಓಲ್ಡ್ ಜಾಗಕ್ಕೆ ಔಟ್‌ಡೇಟೆಡ್ ಬರಲಿ. ಯಂತ್ರ ನಿಂತುಹೋಗುವುದಕ್ಕೆ ಮಿಸರಬ್ಲಿ ಬೇಕಿಲ್ಲ, ಮೊದಲ ಪರೀಕ್ಷೆಯ ಮೂರು ಕನ್ನಡ ಮಾತುಗಳಲ್ಲಿ ಒಂದೂ ಅಲ್ಲಿ ಕೂರುವುದಿಲ್ಲ. ಮೂರನೆಯದರಲ್ಲಿ ಸ್ಯಾಡ್ಲಿ ಅಳತೆಯೋ ಷರಾವೋ ಗೊತ್ತಾಗುತ್ತಿಲ್ಲ, ಬ್ಯಾಡ್ಲಿ ಅಥವಾ ಸೋರ್ಲಿ ಇಟ್ಟರೆ ಗೊಂದಲ ಹೋಗುತ್ತದೆ. ಕೊನೆಯದಕ್ಕೆ ಈಸ್ ಪರೀಕ್ಷೆ ಮಾಡಿದರೆ ಲಿ ಬಿದ್ದುಹೋಗುತ್ತದೆ. ಹೇಗೂ ಕ್ಷಮೆ ಕೇಳುತ್ತಿರುವುದರಿಂದ ಸಾರಿ ಅಂದರೇ ಸಾಕು.

"ಅನ್‌ಫಾರ್ಚುನೇಟ್ಲಿ, ದಿ ಟ್ರೈನಿಂಗ್ ಈಸ್ ಪೋಸ್ಟ್‌ಪೋನ್ಡ್. ಅವರ್ ಪ್ರೊಜೆಕ್ಟರ್ ಈಸ್ ವೋಫುಲಿ ಔಟ್‌ಡೇಟೆಡ್, ಅಂಡ್ ಇಟ್ ಹ್ಯಾಸ್ ಸ್ಟಾಪ್ಡ್ ವರ್ಕಿಂಗ್. ಎ ನ್ಯೂ ಒನ್ ಈಸ್ ಬ್ಯಾಡ್ಲಿ ನೀಡೆಡ್. ಐ ಆಮ್ ಸಾರಿ ಫಾರ್ ದಿ ಇನ್‌ಕನ್ವೀನಿಯೆನ್ಸ್."

ವೆರಿ ಬಿಟ್ಟರೆ ಐದು ಆಡ್ವರ್ಬ್ ಇದ್ದದ್ದು ಮೂರಕ್ಕೆ ಇಳಿಯಿತು. ಈ ಮೇಲ್ ಪ್ರೊಜೆಕ್ಟರ್ ಕೊಳ್ಳುವ ಅಧಿಕಾರ ಇರುವವರಿಗೂ ಹೋಗುತ್ತಿದ್ದರೆ, ವೋಫುಲಿಯನ್ನೂ ತೆಗೆದು ಅದನ್ನು ಕೊಂಡ ವರ್ಷ ಹಾಕಿ ಕಳಿಸಿ.